ಗಟ್ಟಿ ಮರಸೇಬಿಗೆ ಒಲೆಯೇ ಮದ್ದು

ಸಸ್ಯಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಅಂಕದ ಹಳೆಯ ಪ್ರಶ್ನೆಯೊಂದಿದೆ. ಕಲ್ಲುಕೋಶಗಳಿಗೆ ಉದಾಹರಣೆ ಕೊಡಿ. 'ಪೇರ್ ಮತ್ತು ಸೀಬೆ ಹಣ್ಣಿನ ತಿರುಳು' ಎಂದು ಬರೆದರೆ ಅಂಕ ಸಿಗುತ್ತದೆ. ಹಾಗೆ ಬರೆದು ಮನೆಗೆ ಬಂದ ಹುಡುಗನ ಕೈಗೆ ತಾಯಿ ಅದೇ ಪೇರ್ ಹಣ್ಣಿನ ಹೋಳು ಕೊಟ್ಟರೆ, ಒಂದು ತುಂಡು ಕಚ್ಚಿ ಮುಖ ಕಿವಿಚುತ್ತಾನೆ. 'ಅಮ್ಮಾ, ಮರಳು ಮರಳಾಗಿದೆ, ತೊಳೆದಿಲ್ವಾ?' ಎನ್ನುತ್ತಾನೆ. ಪುಸ್ತಕದಲ್ಲಿ ಕಂಠಪಾಠವಾದ ಕಲ್ಲುಕೋಶ ಹಲ್ಲಿಗೆ ಸಿಕ್ಕಾಗ ಗುರುತೇ ಸಿಗುವುದಿಲ್ಲ. ತಾಯಿಗೂ ಸಿಟ್ಟು. ದುಡ್ಡು ಕೊಟ್ಟು ತಂದ ಹಣ್ಣು ಮೂರು ದಿನ ಕಲ್ಲಿನಂತಿತ್ತು, ನಾಲ್ಕನೆಯ ದಿನ ನೋಡಿದರೆ ಒಳಗೆಲ್ಲ ಕಂದು. ಅಂಗಡಿಯವನು ಮೋಸ ಮಾಡಿದ ಎಂದು ಬೈದು ಹಣ್ಣನ್ನು ತಿಪ್ಪೆಗೆ ಎಸೆಯುತ್ತಾರೆ. ಇದರಲ್ಲಿ ಅಂಗಡಿಯವನ ತಪ್ಪು ಕಡಿಮೆ. ಈ ಹಣ್ಣಿನ ಸ್ವಭಾವವೇ ಹಾಗೆ. ಆ ಸ್ವಭಾವವನ್ನು ಬಲ್ಲ ದೇಶಗಳಲ್ಲಿ ಇದನ್ನು ಕಚ್ಚಿ ತಿಂದಷ್ಟೇ ಬೇಯಿಸಿಯೂ ತಿನ್ನುತ್ತಾರೆ, ಸಿಹಿಗೂ ಸೈ, ಖಾರಕ್ಕೂ ಸೈ.

ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಹಳೆಯ ಮೈಸೂರಿನ ಕಡೆ ಇದು ಮರಸೇಬು, ಬೆಂಗಳೂರಿನ ತಳ್ಳುಗಾಡಿಯವರ ಬಾಯಲ್ಲಿ ಬೇರಿಕಾಯಿ. ಹುಬ್ಬಳ್ಳಿ-ಧಾರವಾಡದ ಪೇರಲ, ಮಂಗಳೂರಿನ ಪೇರಳೆ ಎಂದರೆ ಸೀಬೆ. ಅದು ನೇರಳೆಯ ಕುಟುಂಬದ ಗಿಡ. ಮರಸೇಬಾದರೋ ಸೇಬಿನ ದಾಯಾದಿ, ಗುಲಾಬಿಯ ಕುಟುಂಬಕ್ಕೆ ಸೇರಿದ್ದು. ರಕ್ತಸಂಬಂಧವಿಲ್ಲದ ಈ ಎರಡು ಹಣ್ಣುಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಒಟ್ಟಿಗೆ ಕೂರಿಸಿರುವುದು ಆ ಕಲ್ಲುಕೋಶ.

ತಿರುಳಿನ ಸಾಮಾನ್ಯ ಜೀವಕೋಶದ ಭಿತ್ತಿ ತೆಳು, ಒಳಗೆ ರಸ. ನಡುನಡುವೆ ಕೆಲವು ಕೋಶಗಳು ಮಾತ್ರ ತಮ್ಮ ಭಿತ್ತಿಯನ್ನು ಪದರ ಪದರವಾಗಿ ದಪ್ಪಗೊಳಿಸಿಕೊಂಡು, ಲಿಗ್ನಿನ್ ತುಂಬಿಸಿಕೊಂಡು ಕೊನೆಗೆ ಸತ್ತೇ ಹೋಗುತ್ತವೆ. ಲಿಗ್ನಿನ್ ಎಂದರೆ ಮರಕ್ಕೆ ಗಡಸುತನ ಕೊಡುವ ವಸ್ತು. ಅಂದರೆ ಮರಸೇಬಿನ ಹೋಳು ಅಗಿಯುವಾಗ ಹಲ್ಲಿಗೆ ಸಿಗುವುದು ಮರಳಲ್ಲ, ಮರದ ಪುಡಿ! ಈ ಕಣಗಳು ಬೀಜದ ಗೂಡಿನ ಸುತ್ತ ಹೆಚ್ಚಾಗಿ ಗುಂಪುಗೂಡಿರುತ್ತವೆ. ಬೇಯಿಸಿದರೂ ಕರಗುವುದಿಲ್ಲ. ಹಾಗಾಗಿ ಅಡುಗೆಗೆ ಹಚ್ಚುವಾಗ ನಡುವಿನ ಭಾಗವನ್ನು ಸ್ವಲ್ಪ ಧಾರಾಳವಾಗಿಯೇ ತೆಗೆದುಹಾಕುವುದು ಜಾಣತನ.

ಇನ್ನು ಮಾಗುವ ವಿಚಾರ. ಯೂರೋಪಿನ ಮರಸೇಬನ್ನು ಮರದಲ್ಲಿ ಹಣ್ಣಾಗಲು ಬಿಡುವುದಿಲ್ಲ. ಬಿಟ್ಟರೆ ಅದು ಒಳಗಿನಿಂದ ಹೊರಕ್ಕೆ ಮಾಗುತ್ತ ಬಂದು, ಸಿಪ್ಪೆ ಚೆನ್ನಾಗಿ ಕಾಣುವಾಗಲೇ ನಡುವೆ ಕೊಳೆತಿರುತ್ತದೆ. ಆದ್ದರಿಂದ ಬಲಿತ ಕೂಡಲೇ ಗಟ್ಟಿಯಿರುವಾಗಲೇ ಕಿತ್ತು ತಣ್ಣನೆಯ ಕೋಣೆಯಲ್ಲಿಡುತ್ತಾರೆ. ಕೆಲವು ತಳಿಗಳಿಗೆ ಎರಡು ಮೂರು ವಾರ, ಕೆಲವಕ್ಕೆ ಎರಡು ತಿಂಗಳ ಚಳಿ ಬೇಕು. ಆಮೇಲೆ ಹೊರಗಿಟ್ಟರೆ ಹಣ್ಣೇ ಎಥಿಲೀನ್ ಅನಿಲ ಬಿಟ್ಟುಕೊಂಡು ಮಾಗುತ್ತದೆ. ಬೀದಿದೀಪದ ಅನಿಲದಲ್ಲಿದ್ದ ಎಥಿಲೀನ್ ಬಟಾಣಿ ಸಸಿಗಳ ಬೆಳವಣಿಗೆಯನ್ನು ಕೆಡಿಸುತ್ತದೆಂದು 1901ರಲ್ಲಿ ರಷ್ಯದ ನೆಲ್ಯುಬೋವ್ ತೋರಿಸಿದ್ದ. ಹಣ್ಣು ತಾನೇ ಆ ಅನಿಲವನ್ನು ತಯಾರಿಸುತ್ತದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಾಧಿಸಿದ. ಗಟ್ಟಿ ಹಣ್ಣನ್ನು ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟರೆ ಬೇಗ ಮಾಗುವುದು ಇದೇ ಕಾರಣಕ್ಕೆ. ಪರೀಕ್ಷಿಸಬೇಕಾದ್ದು ಹೊಟ್ಟೆಯ ಭಾಗವನ್ನಲ್ಲ, ತೊಟ್ಟಿನ ಪಕ್ಕದ ಕತ್ತನ್ನು. ಅಲ್ಲಿ ಹೆಬ್ಬೆರಳು ಒತ್ತಿದಾಗ ಚೂರು ಮೆತ್ತಗೆನಿಸಿದರೆ ಇವತ್ತೇ ತಿನ್ನಬೇಕು. ಹೊಟ್ಟೆಯೂ ಮೆತ್ತಗಾದರೆ ತಡವಾಯಿತೆಂದೇ ಅರ್ಥ. ಚೀನ, ಜಪಾನ್, ಕೊರಿಯಗಳ ದುಂಡನೆಯ ಮರಸೇಬಿನ ರೀತಿ ಬೇರೆ. ಅದು ಮರದಲ್ಲೇ ಹಣ್ಣಾಗುತ್ತದೆ, ಹಣ್ಣಾದರೂ ಕರಕರ ಎನ್ನುತ್ತದೆ. ಅದು ಮೆತ್ತಗಾಗಲೆಂದು ಕಾದರೆ ಕೊನೆಗೆ ಸಿಗುವುದು ಕೊಳೆತ ಹಣ್ಣು.

ಯೂರೋಪಿನ ತಳಿಗಳಲ್ಲಿ ಅತಿ ಪ್ರಸಿದ್ಧವಾದದ್ದು ವಿಲಿಯಮ್ಸ್. 1770ರ ಸುಮಾರಿಗೆ ಇಂಗ್ಲೆಂಡಿನ ಆಲ್ಡರ್‌ಮಾಸ್ಟನ್ ಎಂಬ ಹಳ್ಳಿಯಲ್ಲಿ ಅದನ್ನು ಮೊದಲು ಬೆಳೆದವರು ಒಬ್ಬ ಶಾಲಾ ಮೇಷ್ಟ್ರು, ಹೆಸರು ಸ್ಟೇರ್. ಸಸಿಗಳನ್ನು ಮಾರಿದ ನರ್ಸರಿಯವನ ಹೆಸರು ಹಣ್ಣಿಗೆ ಅಂಟಿಕೊಂಡಿತು. ಅಮೆರಿಕಕ್ಕೆ ಹೋದ ಮೇಲೆ ಅಲ್ಲಿ ಹಂಚಿದ ಬಾರ್ಟ್ಲೆಟ್ ಎಂಬಾತನ ಹೆಸರು ಬಂತು. ಮೇಷ್ಟ್ರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಮೇಷ್ಟ್ರುಗಳಿಗೆ ಇದೇನೂ ಹೊಸ ಅನುಭವವಲ್ಲ ಬಿಡಿ.

ಈಗ ಒಲೆಯ ಬಳಿಗೆ ಬರೋಣ. ಮಾಗುವುದೆಂದರೆ ಮುಖ್ಯವಾಗಿ ಏನಾಗುತ್ತದೆ? ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಗೋಂದನ್ನು ಹಣ್ಣಿನ ಕಿಣ್ವಗಳು ನಿಧಾನವಾಗಿ ಸಡಿಲಿಸುತ್ತವೆ. ಕುದಿಯುವ ನೀರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಆದರೆ ಅರ್ಧ ಗಂಟೆಯಲ್ಲಿ. ಕಿಣ್ವ ವಾರಗಟ್ಟಲೆ ಮಾಡುವ ಕೆಲಸವನ್ನು ಬೆಂಕಿ ಬೇಗ ಮುಗಿಸುತ್ತದೆ. ಆದ್ದರಿಂದ ಅಡುಗೆಗೆ ಬೇಕಾದ್ದು ಗಟ್ಟಿ ಹಣ್ಣೇ. ಮಾಗಿದ್ದನ್ನು ಪಾತ್ರೆಗೆ ಹಾಕಿದರೆ ಗಂಜಿಯಾಗುತ್ತದೆ. ಮಳೆಗಾಲದಲ್ಲಿ ನೀಲಗಿರಿ, ಕೊಡೈಕನಾಲ್ ಕಡೆಯಿಂದ ಬರುವ ಗಡಸು ಕಾಯಿಗಳನ್ನು ಉಪ್ಪು-ಖಾರ ಹಚ್ಚಿ ಕಚ್ಚಲು ಹಲ್ಲು ಗಟ್ಟಿ ಇರಬೇಕು. ಬೇಯಿಸಲು ಅವು ಬಲು ಯೋಗ್ಯ.

ಸಿಹಿ ಮಾಡುವವರು ಸಾಮಾನ್ಯವಾಗಿ ಎಡವುವುದು ಸಕ್ಕರೆಯಲ್ಲಿ. ಹಸಿ ಹೋಳುಗಳನ್ನು ಒಮ್ಮೆಲೇ ಗಟ್ಟಿ ಪಾಕಕ್ಕೆ ಹಾಕಿದರೆ ಪಾಕವು ಹಣ್ಣಿನೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ, ಹೋಳು ಚರ್ಮದಂತೆ ಮುದುಡುತ್ತದೆ. ನೀರಿಗೆ ಹಾಕಿದ ಒಣದ್ರಾಕ್ಷಿ ಉಬ್ಬುವ ಪಾಠದ ತಿರುವುಮುರುವು ಇದು. ಅದಕ್ಕೇ ಮೂರು ಲೋಟ ನೀರಿಗೆ ಒಂದು ಲೋಟ ಸಕ್ಕರೆಯ ತಿಳಿ ಪಾಕದಲ್ಲಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಗಟ್ಟಿ ಹಣ್ಣಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಒಳಗೆ ಹೋಗಬೇಕು. ಹೋಳುಗಳನ್ನು ತೆಗೆದಿಟ್ಟು ಪಾಕವನ್ನು ಬೇರೆಯಾಗಿ ಕುದಿಸಿ ಗಟ್ಟಿ ಮಾಡಿ ಮೇಲೆ ಸುರಿಯಬಹುದು. ಹಚ್ಚಿದ ಹೋಳು ಕಪ್ಪಾಗದಂತೆ ನಿಂಬೆರಸದ ನೀರಿನಲ್ಲಿಡುವುದು ಎಲ್ಲರಿಗೂ ಗೊತ್ತು, ಆದರೆ ಹುಳಿ ಹೆಚ್ಚಾದರೆ ಪೆಕ್ಟಿನ್ ಹಟ ಹಿಡಿಯುತ್ತದೆ, ಹಣ್ಣು ಬೇಯುವುದೇ ಇಲ್ಲ. ಒಂದು ಚಮಚ ಸಾಕು. ಕೊಳವೆಬಾವಿಯ ಗಡಸು ನೀರಿನಲ್ಲೂ ಇದೇ ತೊಂದರೆ. ಅದರ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿಯುತ್ತದೆ. ಆ ನೀರಿನಲ್ಲಿ ಬೇಳೆ ಬೇಯದಿರುವುದಕ್ಕೂ, ಆಗ್ರಾದ ಪೇಠಾ ಮಾಡುವವರು ಬೂದುಗುಂಬಳವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಗಟ್ಟಿ ಮಾಡುವುದಕ್ಕೂ ಕಾರಣ ಒಂದೇ.

ಹಾಲೆಂಡಿನಲ್ಲಿ ಬೇಯಿಸಲೆಂದೇ ಬೆಳೆಯುವ ಒಂದು ತಳಿ ಇದೆ, ಗೀಸರ್ ವಿಲ್ಡೆಮಾನ್. ಹಸಿಯಾಗಿ ಅದನ್ನು ಯಾರೂ ಇಷ್ಟಪಡರು. ದಾಲ್ಚಿನ್ನಿ, ಸಕ್ಕರೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಟ್ಟರೆ ಬಿಳಿ ತಿರುಳು ತಾನಾಗಿಯೇ ಕೆಂಪಗಾಗುತ್ತದೆ. ಬಣ್ಣ ಹಾಕಿದ್ದಲ್ಲ. ಹಣ್ಣಿನ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಹುಳಿ ಮತ್ತು ಶಾಖದಲ್ಲಿ ಒಡೆದು ಆಂಥೋಸಯನಿನ್ ಬಗೆಯ ವರ್ಣದ್ರವ್ಯವಾಗುತ್ತವೆ. ನೇರಳೆ, ಕೆಂಪು ದ್ರಾಕ್ಷಿಗಳ ಬಣ್ಣದ ಬಳಗವೇ ಅದು. ಒಗರು ಇಳಿದಂತೆ ಕೆಂಪು ಏರುತ್ತದೆ. ವಿಚಿತ್ರವೆಂದರೆ, ಡಬ್ಬಿಯಲ್ಲಿ ಹಣ್ಣು ತುಂಬುವ ಕಾರ್ಖಾನೆಯವರಿಗೆ ಇದೇ ಗುಲಾಬಿ ಛಾಯೆ ಒಂದು ದೋಷ. ಡಚ್ ಅಜ್ಜಿಗೆ ಅದೇ ಹೆಗ್ಗಳಿಕೆ.

ಬೇಯಿಸಿದರೆ ಕಳೆದುಹೋಗುವುದು ಪರಿಮಳ. ಹತ್ತನೆಯ ತರಗತಿಯಲ್ಲಿ ಎಥನಾಲ್‌ಗೆ ಅಸಿಟಿಕ್ ಆಮ್ಲ ಬೆರೆಸಿ, ನಾಲ್ಕು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ ಬಿಸಿ ಮಾಡಿದಾಗ ಹಣ್ಣಿನ ವಾಸನೆ ಬರುತ್ತದಲ್ಲ, ಆ ಎಸ್ಟರ್‌ಗಳ ಬಳಗದ ಒಂದು ಸಂಯುಕ್ತವೇ ಮಾಗಿದ ವಿಲಿಯಮ್ಸ್‌ನ ಗಂಧ. ಹಣ್ಣು ಕೊರೆಯುವ ಕಾಡ್ಲಿಂಗ್ ಪತಂಗವೂ ಅದೇ ವಾಸನೆಯ ಜಾಡು ಹಿಡಿದು ಬರುತ್ತದೆ. ಇಂಥ ಹಗುರ ಸಂಯುಕ್ತಗಳು ಹಬೆಯೊಂದಿಗೆ ಹಾರಿಹೋಗುತ್ತವೆ. ಆದ್ದರಿಂದಲೇ ಬೆಂದ ಮರಸೇಬು ಎರವಲು ಪರಿಮಳ ಬೇಡುತ್ತದೆ. ಫ್ರಾನ್ಸಿನಲ್ಲಿ ವೆನಿಲಾ ಹಾಕಿದ ಪಾಕದಲ್ಲಿ ಬೇಯಿಸಿ, ಐಸ್‌ಕ್ರೀಮಿನ ಮೇಲಿಟ್ಟು ಬಿಸಿ ಚಾಕೊಲೇಟ್ ಸುರಿಯುತ್ತಾರೆ. ಆಫೆನ್‌ಬಾಖ್‌ನ 1864ರ ಸಂಗೀತ ನಾಟಕದ ನೆನಪಿಗೆ ಅದಕ್ಕೆ 'ಬೆಲ್ ಎಲೆನ್' ಎಂಬ ಹೆಸರು. ನಮ್ಮ ಅಡುಗೆಮನೆಯಲ್ಲಾದರೆ ಏಲಕ್ಕಿ, ಲವಂಗ, ಕೇಸರಿ ಈ ಕೆಲಸಕ್ಕೆ ಯಾರಿಗೂ ಕಡಿಮೆಯಿಲ್ಲ.

ಹಣ್ಣನ್ನು ಸಾರು-ಪಲ್ಯದ ಸಾಲಿಗೆ ಸೇರಿಸುವುದು ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರು ಪ್ರಾಚೀನ ರೋಮ್ ಕಡೆ ನೋಡಬೇಕು. ಹಸಿ ಮರಸೇಬು ಹೊಟ್ಟೆಗೆ ಭಾರ, ಬೇಯಿಸಿದ್ದು ಹಿತ ಎಂಬ ಅಭಿಪ್ರಾಯ ಒಂದನೆಯ ಶತಮಾನದ ಪ್ಲಿನಿಯದು. ಅಪಿಕಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಅಡುಗೆ ಪುಸ್ತಕದಲ್ಲಿ ಒಂದು ವಿಧಾನವಿದೆ: ಬೇಯಿಸಿ ನಡುಭಾಗ ತೆಗೆದ ಮರಸೇಬನ್ನು ಕಾಳುಮೆಣಸು, ಜೀರಿಗೆ, ಜೇನು, ದ್ರಾಕ್ಷಿಯ ಸಿಹಿ ಮದ್ಯ, ಮೀನಿನ ಉಪ್ಪುರಸ, ಎಣ್ಣೆಯ ಜೊತೆ ಅರೆದು, ಮೊಟ್ಟೆ ಸೇರಿಸಿ ಬೇಯಿಸಿ, ಮೇಲೆ ಮತ್ತೆ ಮೆಣಸು ಉದುರಿಸುವುದು. ಸಿಹಿ, ಉಪ್ಪು, ಖಾರ ಒಂದೇ ತಟ್ಟೆಯಲ್ಲಿ. ರೋಮನ್ನರ ಆ ಕಾಳುಮೆಣಸು ಹಡಗು ಹತ್ತುತ್ತಿದ್ದುದು ಮಲಬಾರಿನ ಕರಾವಳಿಯಲ್ಲಿ.

ಉತ್ತರ ಜರ್ಮನಿಯ ಹ್ಯಾಂಬರ್ಗ್ ಕಡೆ ಬೇಸಿಗೆಯ ಕೊನೆಗೆ ಹುರುಳಿಕಾಯಿಯೂ ಚಿಕ್ಕ ಗಡಸು ಮರಸೇಬೂ ಒಟ್ಟಿಗೆ ಕೊಯ್ಲಿಗೆ ಬರುತ್ತವೆ. ಎರಡನ್ನೂ ಉಪ್ಪಿಟ್ಟು ಹೊಗೆಹಾಕಿದ ಹಂದಿಮಾಂಸದೊಂದಿಗೆ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಹಣ್ಣನ್ನು ತೊಟ್ಟಿನ ಸಮೇತ ಇಡಿಯಾಗಿ ಹಾಕುವುದು ರೂಢಿ. ಕೊರಿಯದವರು ತಮ್ಮ ಮರಸೇಬನ್ನು ತುರಿದು ಮಾಂಸಕ್ಕೆ ಸವರಿ ನೆನೆಸುತ್ತಾರೆ. ಅದರಲ್ಲಿರುವ ಕಿಣ್ವ ಪ್ರೋಟೀನನ್ನು ಒಡೆದು ಮಾಂಸವನ್ನು ಮೆತ್ತಗೆ ಮಾಡುತ್ತದೆ, ನಮ್ಮಲ್ಲಿ ಪರಂಗಿಕಾಯಿ ಹಾಕುವಂತೆ. ಅವರದೇ ಇನ್ನೊಂದು ತಯಾರಿಕೆ ನಮ್ಮ ಕಷಾಯಪ್ರಿಯರಿಗೆ ಹಿಡಿಸೀತು. ಹಣ್ಣಿನ ಹೋಳುಗಳಿಗೆ ಇಡೀ ಕಾಳುಮೆಣಸು ಚುಚ್ಚಿ, ಶುಂಠಿ ನೀರಿನಲ್ಲಿ ಜೇನು ಅಥವಾ ಸಕ್ಕರೆಯೊಂದಿಗೆ ಕುದಿಸಿ, ಆ ರಸವನ್ನು ಹೋಳುಗಳ ಸಮೇತ ಬಟ್ಟಲಿಗೆ ಹಾಕಿ ಕುಡಿಯುವುದು.

ಎಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಇಟಲಿಯ ಕ್ರೆಮೋನಾ ಊರಿನ 'ಮೊಸ್ತಾರ್ದ'. ಮರಸೇಬು ಮುಂತಾದ ಹಣ್ಣುಗಳನ್ನು ಪಾಕದಲ್ಲಿ ಬೇಯಿಸಿ, ಪಾಕ ಆರಿದ ಮೇಲೆ ಸಾಸಿವೆಯ ಸಾರ ಬೆರೆಸುತ್ತಾರೆ. ಮೊದಲು ಸಿಹಿ, ಹಿಂದೆಯೇ ಮೂಗಿಗೆ ಏರುವ ಘಾಟು. ಆರಿದ ಮೇಲೆಯೇ ಏಕೆ? ಸಾಸಿವೆಯನ್ನು ನೀರು ಹಾಕಿ ಅರೆದಾಗ ಮೈರೋಸಿನೇಸ್ ಎಂಬ ಕಿಣ್ವ ಕೆಲಸಮಾಡಿ ಘಾಟಿನ ಎಣ್ಣೆ ಹುಟ್ಟುತ್ತದೆ. ಬಿಸಿಗೆ ಕಿಣ್ವ ಸಾಯುತ್ತದೆ, ಹುಟ್ಟಿದ ಘಾಟೂ ಹಾರುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಘಾಟಿಲ್ಲದಿರುವುದು ಇದಕ್ಕೇ. ಮಲೆನಾಡಿನಲ್ಲಿ ಮಾವಿನಹಣ್ಣಿನ ಸಾಸಿವೆ ಮಾಡುವವರು ತೆಂಗಿನಕಾಯಿಯೊಂದಿಗೆ ಹಸಿ ಸಾಸಿವೆ ಅರೆದು ಹಾಕಿ, ಕುದಿಸದೆ ಬಿಡುವುದೂ ಇದಕ್ಕೇ. ಮಾವು ಮುಗಿದ ಮೇಲೆ ಅದೇ ಮಸಾಲೆಗೆ ಬೇಯಿಸಿ ಆರಿಸಿದ ಮರಸೇಬಿನ ಹೋಳು ಹಾಕಿದರೆ ಕ್ರೆಮೋನಾದವರು ತಕರಾರು ಮಾಡಲಾರರು. ಅನಾನಸ್ ಗೊಜ್ಜಿನ ಜಾಗದಲ್ಲೂ ಇದನ್ನು ಹಾಕಬಹುದು, ಆದರೆ ಮರಸೇಬಿಗೆ ಅನಾನಸಿನ ಹುಳಿ ಇಲ್ಲ. ಹುಣಸೆರಸ ಒಂದು ಪಾಲು ಹೆಚ್ಚೇ ಬೇಕು, ಅದೂ ಹೋಳು ಬೆಂದ ಮೇಲೆ. ಮೊದಲೇ ಹಾಕಿದರೆ ಏನಾಗುತ್ತದೆಂದು ಮೇಲೆ ಹೇಳಿದೆ.

ಎಳೆಯ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಈ ಹಣ್ಣಿನಲ್ಲಿ ಸಾರ್ಬಿಟಾಲ್ ಎಂಬ ಸಿಹಿ ವಸ್ತು ಸೇಬಿನಲ್ಲಿರುವುದಕ್ಕಿಂತ ಹೆಚ್ಚು. ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ. ಮಲಬದ್ಧತೆಯಿದ್ದರೆ ಅನುಕೂಲ, ಲೋಟಗಟ್ಟಲೆ ರಸ ಕುಡಿಸಿದರೆ ಹೊಟ್ಟೆ ಕೆಡುತ್ತದೆ. ಬೇಯಿಸಿದರೂ ಸಾರ್ಬಿಟಾಲ್ ಹೋಗುವುದಿಲ್ಲ, ಆದ್ದರಿಂದ ಒಂದೆರಡು ಹೋಳಿಗೆ ನಿಲ್ಲಿಸಬೇಕು.

ಇನ್ನು ಹುಡುಗರ ಪಾಲಿನ ಕೆಲಸ. ಬೀಜದ ಗೂಡಿನ ಪಕ್ಕದ ತಿರುಳನ್ನು ಕಡಲೆಕಾಳಿನಷ್ಟು ತೆಗೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಚೆನ್ನಾಗಿ ಜಜ್ಜಿ. ಶಾಲೆಯ ಪ್ರಯೋಗಾಲಯದಲ್ಲಿ ಸ್ಯಾಫ್ರನಿನ್ ಬಣ್ಣ ಇದ್ದರೆ ಒಂದು ತೊಟ್ಟು ಹಾಕಿ, ಕೆಲವು ನಿಮಿಷ ಬಿಟ್ಟು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಡಿ. ಲಿಗ್ನಿನ್ ತುಂಬಿದ ಭಿತ್ತಿ ಕೆಂಪು ಬಣ್ಣ ಹಿಡಿಯುತ್ತದೆ, ಕಲ್ಲುಕೋಶಗಳ ಗುಂಪು ಎದ್ದು ಕಾಣುತ್ತದೆ. ಹಸಿ ಹಣ್ಣಿನದೊಂದು, ಬೆಂದ ಹಣ್ಣಿನದೊಂದು ಪಟ್ಟಿ ಮಾಡಿ ಅಕ್ಕಪಕ್ಕ ಇಟ್ಟು ನೋಡಿದರೆ ಬೆಂಕಿ ಯಾವುದನ್ನು ಕರಗಿಸಿದೆ, ಯಾವುದರ ಮುಂದೆ ಸೋತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.