ಚೀನಾ ಹೋಟೆಲಿನಲ್ಲಿ ನವಣೆ ಯಾಕಿಲ್ಲ?

ಚೈನೀಸ್ ಊಟ ಅಂದ ಕೂಡಲೇ ನಮ್ಮ ರೈತರಲ್ಲಿ ಎರಡು ಮಾತು ಕೇಳಿಬರುತ್ತವೆ. 'ಅದು ಪೇಟೆಯವರ ಶೋಕಿ, ನಮಗೇನು ಸಂಬಂಧ' ಎಂಬುದು ಒಂದು. 'ಅದೆಲ್ಲ ಬಣ್ಣ, ಟೇಸ್ಟಿಂಗ್ ಪೌಡರು, ಬರೀ ವಿಷ' ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ ಎಂದು ನನ್ನ ಅನಿಸಿಕೆ. ಆ ಊಟಕ್ಕೂ ನಮ್ಮ ಬೆದ್ದಲು ಹೊಲಕ್ಕೂ ನಾವು ತಿಳಿದಿರುವುದಕ್ಕಿಂತ ಹತ್ತಿರದ ನಂಟಿದೆ.

ನಾನು ಹೊಸದುರ್ಗ ಕಡೆಯ ಖುಷ್ಕಿ ಬೇಸಾಯಗಾರ. ಆರು ಎಕರೆ, ಎಲ್ಲ ಮಳೆ ನಂಬಿದ್ದು. ಓದಿದ್ದು ಏಳನೇ ಕ್ಲಾಸು. ಚೈನೀಸ್ ಅಂತ ಕರೆಯೋದನ್ನು ಸಂತೆಯ ತಳ್ಳುಗಾಡಿಯಲ್ಲೂ ತಿಂದಿದ್ದೇನೆ, ಬೆಂಗಳೂರಿನ ಹೊಸ ನಮೂನೆ ಹೋಟೆಲಿನಲ್ಲೂ ತಿಂದಿದ್ದೇನೆ. ಎರಡೂ ಕಡೆ ಕಂಡದ್ದನ್ನು ರೈತನ ಕಣ್ಣಿನಿಂದ ಬರೆಯುತ್ತೇನೆ.

ಮೊದಲು ತಳ್ಳುಗಾಡಿಯದು. ಗೋಬಿ ಮಂಚೂರಿ ಈಗ ಹಳ್ಳಿ ಜಾತ್ರೆಗೂ ಬಂದಿದೆ. ಹೂಕೋಸಿಗೆ ಮೈದಾ, ಕಾರ್ನ್‌ಫ್ಲೋರ್ ಕಲಸಿ ಎಣ್ಣೆಯಲ್ಲಿ ಕರಿದು, ಸಾಸು ಹಾಕಿ ತಿರುವಿದರೆ ಆಯಿತು. ಇದು ಚೀನಾದಿಂದ ಬಂದದ್ದಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನಿ ಮನೆತನದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬೈಯಲ್ಲಿ ಕೋಳಿಯಿಂದ ಮಾಡಿದ ಮಂಚೂರಿಯೇ ಇದರ ಮೂಲ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು.

2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ತಂದಿತು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಂಥ ಬಣ್ಣ ಸಿಕ್ಕಿತ್ತು. ನಿಷೇಧ ಆಗಿದ್ದು ಬಣ್ಣಕ್ಕೆ, ತಿಂಡಿಗಲ್ಲ. ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ರಾಶಿ ರಾಶಿ ಬೀಳುತ್ತೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದಕ್ಕೇ ಹೆಸರುವಾಸಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಇಂಥ ಕಾಯಿ ಬೆಳೆಯುವ ನಾಡಿನಲ್ಲಿ ಡಬ್ಬಿಯ ಬಣ್ಣ ಹಾಕಿ ಜನರಿಗೆ ತಿನ್ನಿಸುವುದು ನಾಚಿಕೆಗೇಡು. ಆದರೆ ಒಬ್ಬ ಬಣ್ಣ ಹಾಕಿದ ಅಂತ ಇಡೀ ಅಡುಗೆಯನ್ನೇ ಬೈಯೋದು ನ್ಯಾಯ ಅಲ್ಲ.

ಇನ್ನು ಬೆಂಗಳೂರಿನದು. ಮಗ, ಸೊಸೆ ಅಲ್ಲಿ ಕೆಲಸದಲ್ಲಿದ್ದಾರೆ. ಹೋದಾಗ ಒಮ್ಮೆ ಅಂಥ ಹೋಟೆಲಿಗೆ ಕರೆದುಕೊಂಡು ಹೋದರು. ಅಡುಗೆಮನೆಗೆ ಗಾಜಿನ ಗೋಡೆ, ಒಳಗೆ ಮಾಡೋದೆಲ್ಲ ಹೊರಗೆ ಕಾಣುತ್ತೆ. ದುಂಡು ಮೇಜು, ಎಲ್ಲರ ಮಧ್ಯೆ ಪಾತ್ರೆ ಇಟ್ಟು ಹಂಚಿಕೊಂಡು ತಿನ್ನೋದು. ನಮ್ಮ ಹೊಲದ ಬುತ್ತಿ ಊಟವೂ ಹಾಗೇ ಅಲ್ಲವೇ? ಎರಡು ಕಡ್ಡಿ ಕೊಟ್ಟರು, ನಾನು ಚಮಚೆ ಕೇಳಿ ಇಸಕೊಂಡೆ.

ಮೊದಲು ಬಂದದ್ದು ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೆಂದ ಸಣ್ಣ ಕಡುಬು. ಅದಕ್ಕೆ ಡಿಮ್‌ಸಮ್ ಅಂತಾರೆ. ಒಳಗೆ ಕೋಸು, ಕ್ಯಾರೆಟ್ಟು, ಅಣಬೆ. ಎಣ್ಣೆಯೇ ಇಲ್ಲ. ಆಮೇಲೆ ತರಕಾರಿ. ದೊಡ್ಡ ಉರಿಯ ಮೇಲೆ ಗುಂಡು ಬಾಣಲೆ ಇಟ್ಟು ಎರಡು ಮೂರು ನಿಮಿಷದಲ್ಲಿ ಹುರಿದು ಇಳಿಸಿಬಿಡುತ್ತಾರೆ. ಹುರುಳಿಕಾಯಿ ಹಸಿರಾಗೇ ಇತ್ತು, ಕಚ್ಚಿದರೆ ಕರುಂ ಅನ್ನುತ್ತಿತ್ತು. ನಾವು ತರಕಾರಿಯನ್ನು ಅರ್ಧ ಗಂಟೆ ಬೇಯಿಸಿ ಅದರ ಜೀವ ತೆಗೆಯುತ್ತೇವೆ. ಈ ಪಾಠ ನಮ್ಮ ಹೆಣ್ಣುಮಕ್ಕಳಿಗೂ, ಅಡುಗೆ ಮಾಡದೆ ಮಾತಾಡುವ ನಮ್ಮಂಥ ಗಂಡಸರಿಗೂ ಉಪಯೋಗಕ್ಕೆ ಬರುವಂಥದ್ದು.

ಒಂದು ಪಲ್ಯದಲ್ಲಿ ನಾಲಿಗೆ ಜುಮ್ ಅನ್ನುವ ಕಾಳಿತ್ತು. ಚೀನಾದ ಸಿಚುವಾನ್ ಪ್ರಾಂತದ್ದಂತೆ. ನಮ್ಮ ಮಲೆನಾಡಿನ ಜುಮ್ಮನಕಾಯಿ ಇದರ ದಾಯಾದಿಯೇ, ಒಂದೇ ಕುಲದ ಮರ. ಬಿಲ್ಲಿನಲ್ಲಿ ಅದಕ್ಕೆ ದೊಡ್ಡ ರೇಟು ಇತ್ತು. ನಮ್ಮ ಜುಮ್ಮನಕಾಯಿಯ ಹೆಸರು ಮಲೆನಾಡು, ಕರಾವಳಿ ಬಿಟ್ಟರೆ ಬಹಳ ಜನಕ್ಕೆ ಗೊತ್ತಿಲ್ಲ.

ತಟ್ಟೆಯಲ್ಲಿ ನಮ್ಮ ಬೆದ್ದಲಿನದು ಏನಿತ್ತು ಅಂತ ಲೆಕ್ಕ ಹಾಕಿದೆ. ಸಾರು ಗಟ್ಟಿಯಾಗಲು ಹಾಕುವ ಕಾರ್ನ್‌ಫ್ಲೋರು ಅಂದರೆ ಮೆಕ್ಕೆಜೋಳದ ಪಿಷ್ಟ. ಒಣಮೆಣಸು, ಈರುಳ್ಳಿ, ಶೇಂಗಾ ನಮ್ಮ ಜಿಲ್ಲೆಗೆ ಹೊಸದಲ್ಲ. ಸೋಯಾ ಸಾಸಿಗೆ ಬೇಕಾದ ಅವರೆ ಬೀದರ್, ಬೆಳಗಾವಿ ಕಡೆ ಬೆಳೆಯುತ್ತೆ. ಇಷ್ಟೆಲ್ಲ ಇದ್ದೂ ಒಂದು ದೊಡ್ಡ ಕೊರತೆ ಕಂಡಿತು. ನವಣೆ ಇಲ್ಲ, ಬರಗು ಇಲ್ಲ. ಇರೋದು ಬಿಳಿ ಅಕ್ಕಿ ಮತ್ತು ಮೈದಾ.

ಚೀನಾ ಹೋಟೆಲಿನಲ್ಲಿ ನವಣೆ ಕೇಳ್ತಾನಲ್ಲ ಈ ಮುದುಕ ಅಂತ ನಗಬೇಡಿ. ನವಣೆ, ಬರಗು ಎರಡರ ತವರೂ ಉತ್ತರ ಚೀನಾ. ಸುಮಾರು 8,000 ವರ್ಷಗಳ ಹಿಂದೆಯೇ ಹಳದಿ ನದಿಯ ಸುತ್ತಿನ ಒಣ ನಾಡಿನವರು ಇವನ್ನು ಬೆಳೆಯುತ್ತಿದ್ದರು. ಅವರೂ ನಮ್ಮ ಹಾಗೆ ಮಳೆ ನಂಬಿದವರೇ. ಅಲ್ಲಿ ಈಗಲೂ ನವಣೆ ಗಂಜಿ ಕುಡಿಯುತ್ತಾರೆ. ನಮ್ಮಲ್ಲಿ ಸಂಸ್ಕೃತದಲ್ಲಿ ಬರಗಿಗೆ ಚೀನಕ ಎಂದೇ ಹೆಸರು, ಹಿಂದಿಯಲ್ಲೂ ಚೀನಾ ಅಂತಾರೆ. ಇನ್ನೊಂದು ವಿಚಾರ. ಚೀನಾದ ಲಾಜಿಯಾ ಎಂಬಲ್ಲಿ ನೆಲ ಅಗೆದಾಗ ಬೋರಲು ಬಿದ್ದ ಬಟ್ಟಲಿನ ಅಡಿಯಲ್ಲಿ 4,000 ವರ್ಷ ಹಳೆಯ ನೂಡಲ್ಸ್ ಸಿಕ್ಕಿತು. ಅದರಲ್ಲಿದ್ದದ್ದು ನವಣೆ ಮತ್ತು ಬರಗು ಎಂದು 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನವಣೆ ಹಿಟ್ಟಿಗೆ ಮೈದಾದ ಹಾಗೆ ಜಿಗುಟಿಲ್ಲ, ಎಳೆದು ಎಳೆ ತೆಗೆಯೋದು ಹೇಗೆ ಎಂದು ಕೆಲವರು ತಕರಾರು ಎತ್ತಿದರು. ನಮ್ಮ ಮನೆಗಳಲ್ಲಿ ಶ್ಯಾವಿಗೆ ಒತ್ತುವವರಿಗೆ ಇದು ಬಗೆಹರಿಯದ ಸಮಸ್ಯೆಯೇನಲ್ಲ. ಎಳೆಯಬೇಡಿ, ಬೇಯಿಸಿದ ಹಿಟ್ಟನ್ನು ಒತ್ತಿ!

ಊಟ ಮುಗಿದ ಮೇಲೆ ಬಾಣಲೆ ಹಿಡಿದಿದ್ದ ಹುಡುಗನನ್ನು ಮಾತಾಡಿಸಿದೆ. ನೇಪಾಳದವನು. ಮಗ ಹಿಂದಿಯಲ್ಲಿ ನವಣೆ ಬಗ್ಗೆ ಹೇಳಿದಾಗ ಅವನ ಮುಖ ಅರಳಿತು. 'ನಮ್ಮೂರಲ್ಲಿ ಇದಕ್ಕೆ ಕಾಗುನೋ ಅಂತೀವಿ, ಅಜ್ಜಿ ಅನ್ನ ಮಾಡ್ತಿದ್ದಳು' ಅಂದ. ನವಣೆ ಉಂಡು ಬೆಳೆದವನು ಮೈದಾ ತಿರುವುತ್ತಿದ್ದಾನೆ, ನವಣೆ ಬೆಳೆದ ನಾನು ದುಡ್ಡು ಕೊಟ್ಟು ಅದನ್ನೇ ತಿನ್ನುತ್ತಿದ್ದೇನೆ.

ಮ್ಯಾನೇಜರ್ ಕನ್ನಡದವರೇ. 'ನವಣೆ ಫ್ರೈಡ್ ರೈಸ್ ಯಾಕೆ ಮಾಡಲ್ಲ?' ಎಂದು ಕೇಳಿದೆ. ಅವರ ಉತ್ತರವನ್ನು ಎಲ್ಲ ರೈತರೂ ಕೇಳಬೇಕು. 'ಮಾಡಬಹುದು ಯಜಮಾನ್ರೇ, ಈಗಿನ ಹುಡುಗರು ಕೇಳ್ತಾರೆ ಕೂಡ. ತಿಂಗಳಿಗೆ ಐವತ್ತು ಕಿಲೋ, ಕಲ್ಲು ಇಲ್ಲದ್ದು, ಹನ್ನೆರಡು ತಿಂಗಳೂ ಒಂದೇ ನಮೂನೆ ಕೊಡೋರು ಯಾರಿದ್ದಾರೆ? ಒಂದ್ಸಲ ತರಿಸಿದ್ವಿ, ಎರಡನೇ ಸಲ ಬಂದದ್ದು ಕಹಿ ಇತ್ತು, ಬಿಟ್ಟುಬಿಟ್ವಿ.'

ಅವರ ಮಾತಿನಲ್ಲಿ ತಪ್ಪಿಲ್ಲ. ಸಿಪ್ಪೆ ತೆಗೆದ ನವಣೆ ಅಕ್ಕಿ ಕೆಲವೇ ತಿಂಗಳಲ್ಲಿ ಮುಗ್ಗಲಾಗುತ್ತೆ, ಹುಳ ಬೀಳುತ್ತೆ. ಸಿಪ್ಪೆ ಇದ್ದ ಕಾಳಾದರೆ ವರ್ಷಗಟ್ಟಲೆ ಇಡಬಹುದು. ಹಾಗಾಗಿ ಕಾಳನ್ನು ಊರಲ್ಲೇ ಇಟ್ಟು, ಬೇಕಾದಷ್ಟನ್ನು ತಿಂಗಳು ತಿಂಗಳು ಮಿಲ್ ಮಾಡಿಸಿ ಕಳಿಸಬೇಕು. ಲೆಕ್ಕ ನೋಡಿ. ತಿಂಗಳಿಗೆ 50 ಕಿಲೋ ಅಂದರೆ ವರ್ಷಕ್ಕೆ 600 ಕಿಲೋ ಅಕ್ಕಿ. ನೂರು ಕಿಲೋ ಕಾಳಿಗೆ 60 ಕಿಲೋ ಅಕ್ಕಿ ಹಿಡಿದರೆ ಹತ್ತು ಕ್ವಿಂಟಾಲ್ ಕಾಳು ಬೇಕು. ನಮ್ಮ ಕಡೆ ಎಕರೆಗೆ ಐದು ಕ್ವಿಂಟಾಲ್ ಬಂದರೆ, ಒಂದು ಹೋಟೆಲು ಅಂದರೆ ಎರಡು ಎಕರೆ!

ಬೆಲೆಯ ಮಾತು. ನಾನು ನವಣೆ ಕಾಳು ಮಾರಿದ್ದು ಕಿಲೋಗೆ 32 ರೂಪಾಯಿಗೆ. ಆ ಹೋಟೆಲಿನಲ್ಲಿ ಒಂದು ತಟ್ಟೆ ಫ್ರೈಡ್ ರೈಸಿಗೆ 390 ರೂಪಾಯಿ. ತಟ್ಟೆಗೆ 150 ಗ್ರಾಂ ಅಕ್ಕಿ ಹಿಡಿದರೂ 250 ಗ್ರಾಂ ಕಾಳು ಸಾಕು, ಅಂದರೆ ರೈತನ ಪಾಲು 8 ರೂಪಾಯಿ. ನಮಗೆ ಎರಡರಷ್ಟು ಬೆಲೆ ಕೊಟ್ಟರೂ ತಟ್ಟೆಗೆ ಹೆಚ್ಚೋದು ಎಂಟೇ ರೂಪಾಯಿ. 390 ಕೊಡುವವನಿಗೆ ಅದು ಭಾರವಲ್ಲ. ನಮಗೆ ಅದು ಮೆಕ್ಕೆಜೋಳವೋ ನವಣೆಯೋ ಎಂಬ ತೀರ್ಮಾನ. 2025–26ರ ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಇದೆ, ನವಣೆಯ ಹೆಸರೇ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತು. ಮೇಳ, ಭಾಷಣ ಬಹಳ ಆದವು. ನನ್ನ ಆರು ಎಕರೆಯಲ್ಲಿ ಈಗಲೂ ನಾಲ್ಕು ಎಕರೆ ಮೆಕ್ಕೆಜೋಳವೇ. ಗೊಬ್ಬರದ ಅಂಗಡಿ ಸಾಲ ಏರುತ್ತಿದೆ, ಮಳೆ ಕೈಕೊಟ್ಟರೆ ದಂಟು ಮಾತ್ರ. ನವಣೆಯಾದರೆ ಮೂರು ತಿಂಗಳ ಬೆಳೆ, ಎರಡು ಹದ ಮಳೆ ಬಿದ್ದರೂ ತೆನೆ ಬಾಗುತ್ತೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿಸಿದೆ. ಒಂದು ಪಾವು ನವಣೆ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಎರಡು ಪಾವು ನೀರಿನಲ್ಲಿ ಬೇಯಿಸಿ, ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸಬೇಕು. ಬಿಸಿಯಲ್ಲಿ ಮಾಡಿದರೆ ಮುದ್ದೆಯಾಗುತ್ತೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕ್ಯಾರೆಟ್ಟು, ಕೋಸನ್ನು ಜೋರು ಉರಿಯಲ್ಲಿ ಹುರಿದು, ಮೆಣಸಿನಪುಡಿ, ಉಪ್ಪು ಹಾಕಿ ಈ ಅನ್ನ ಬೆರೆಸಿದರೆ ಆಯಿತು. ನವಣೆ ಅನ್ನ ಅಂದರೆ ಮುಖ ತಿರುಗಿಸುವ ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು. ಮಕ್ಕಳಿಗೆ ಬೇಡವಾಗಿರೋದು ಕಾಳಲ್ಲ, ನಾವು ಬಡಿಸುವ ರೀತಿ.

ನನ್ನ ಸಲಹೆ ಇಷ್ಟೇ. ಹತ್ತು ಜನ ಬೆದ್ದಲು ರೈತರು ಸೇರಿ ತಲಾ ಒಂದು ಎಕರೆ ನವಣೆ ಹಾಕೋಣ. ಐದು ಹೋಟೆಲು ಹಿಡಿದರೆ ಸಾಕು. ಕಣದಲ್ಲಿ ಕಲ್ಲು ಸೇರದ ಹಾಗೆ ಟಾರ್ಪಾಲಿನ ಮೇಲೆ ಒಕ್ಕೋಣ. ಒಂದೇ ತಳಿ ಬಿತ್ತೋಣ. ಹೋಟೆಲಿನವರು ಬೆಲೆಯನ್ನು ಬಿತ್ತನೆಗೆ ಮೊದಲೇ ಬರೆದುಕೊಡಬೇಕು, ರಾಶಿ ಆದ ಮೇಲೆ ಚೌಕಾಸಿ ಬೇಡ. ಸಣ್ಣ ಮಿಲ್ ಇರುವ ಊರಿನವರು, ಹೀಗೆ ಹೋಟೆಲಿಗೆ ಕೊಟ್ಟು ಅನುಭವ ಇರುವವರು ಈ ಪತ್ರಿಕೆಗೆ ಬರೆಯಿರಿ. ಕೆಟ್ಟ ಅನುಭವ ಆಗಿದ್ದರೆ ಅದನ್ನೂ ಬರೆಯಿರಿ, ಬಿತ್ತನೆಗೆ ಮೊದಲೇ ನಮಗೆ ಗೊತ್ತಾಗಲಿ. ಮುಂದಿನ ಮುಂಗಾರಿಗೆ ನನ್ನ ಮೆಕ್ಕೆಜೋಳದ ನಾಲ್ಕು ಎಕರೆಯಲ್ಲಿ ಎರಡನ್ನು ನವಣೆಗೆ ಬಿಡುತ್ತಿದ್ದೇನೆ. ಇನ್ನು ಒಂಬತ್ತು ಜನ ಬೇಕು.