ಮೊಬೈಲ್‌ನ ದೀಪಸ್ತಂಭ ಸಾಕು, ಚೌಬಾರಾ ಬಿಡಿಸೋಣ

ನಿಸರ್ಗ ಚಿತ್ರ ಬಿಡಿಸಿ ಎಂದರೆ ಸಾಕು, ನಮ್ಮಲ್ಲಿ ಹೆಚ್ಚಿನವರ ಹಾಳೆಯಲ್ಲಿ ನೀಲಿ ಸಮುದ್ರ, ಅದರ ನಡುವೆ ಪುಟ್ಟ ದ್ವೀಪ, ದ್ವೀಪದ ಮೇಲೆ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ಮೂಡುತ್ತದೆ. ಎಲ್ಲವೂ ಮೊಬೈಲ್ ನೋಡಿ ಬಿಡಿಸಿದ್ದು. ಅಂಥ ದ್ವೀಪ ನಮ್ಮ ರಾಜ್ಯದಲ್ಲೂ ಇದೆ, ಕಾರವಾರದ ಎದುರಿನ ದೇವಗಡ. ಅಲ್ಲಿನ ಮಕ್ಕಳು ದಂಡೆಯಲ್ಲಿ ಕುಳಿತು ಅದನ್ನು ಬಿಡಿಸಲಿ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬೀದರ್‌ನಲ್ಲಿರುವ ನಾವು ನಮ್ಮ ಕಣ್ಣೆದುರಿನ ಸ್ತಂಭವನ್ನು ಬಿಡಿಸೋಣ ಎಂಬುದು ನನ್ನ ಅಭಿಪ್ರಾಯ.

ಹಳೆ ಊರಿನ ನಡುವೆ ನಿಂತಿರುವ ಚೌಬಾರಾ 71 ಅಡಿ ಎತ್ತರದ ದುಂಡು ಗೋಪುರ. ಒಂದು ಕಾಲದಲ್ಲಿ ಅದರ ಮೇಲಿಂದ ಕಾವಲುಗಾರರು ನಾಲ್ಕೂ ದಿಕ್ಕು ನೋಡುತ್ತಿದ್ದರು. ನಾವು ದಿನಾ ಅದನ್ನು ಸುತ್ತಿಕೊಂಡು ಹೋಗುತ್ತೇವೆ, ತಲೆ ಎತ್ತಿ ನೋಡುವುದಿಲ್ಲ.

ಸ್ಥಳದಲ್ಲೇ ಕುಳಿತು ಜಲವರ್ಣದಲ್ಲಿ ಬಿಡಿಸುವಾಗ ನೋಡದೆ ಗತಿಯಿಲ್ಲ. ಗಂಟೆಯೊಳಗೆ ನೆರಳು ಸರಿಯುತ್ತದೆ. ನಮ್ಮ ಬಿಸಿಲಿಗೆ ಬಣ್ಣ ಹರಡುವ ಮೊದಲೇ ಹಾಳೆ ಒಣಗುತ್ತದೆ. ಅದಕ್ಕೇ ಬೆಳಿಗ್ಗೆಯೇ ಹೋಗಬೇಕು, ಮೊದಲು ಹಾಳೆ ಒದ್ದೆ ಮಾಡಿಕೊಳ್ಳಬೇಕು. ಬಿಳಿ ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಡಬೇಕು. ಬೆಂಗಳೂರಿನ ಹೂಮರಗಳನ್ನು ಅವುಗಳ ಎದುರೇ ಕುಳಿತು ಚಿತ್ರಿಸಿದ ರುಮಾಲೆ ಚನ್ನಬಸವಯ್ಯನವರ ಕೃತಿಗಳಲ್ಲಿ ಆ ಬಿಸಿಲು ಇಂದಿಗೂ ಕಾಣುತ್ತದೆ.

1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಬಿಡಿಸಲು ಕುಳಿತರೆ ಪ್ರಶ್ನೆಗಳು ಏಳುತ್ತವೆ. ಮಿನಾರ್ ಒಂದೇ ಏಕೆ ಉಳಿದಿದೆ? ಮುಂಭಾಗದ ಅರ್ಧ ಎಲ್ಲಿ ಹೋಯಿತು? 17ನೇ ಶತಮಾನದ ಕೊನೆಯಲ್ಲಿ ಅಲ್ಲಿ ಮದ್ದು ಸಿಡಿದ ಕಥೆ ಆಗ ಬರಿಯ ಪಾಠವಾಗಿ ಉಳಿಯುವುದಿಲ್ಲ. ಗೋಡೆಯಲ್ಲಿ ಉಳಿದಿರುವ ನೀಲಿ, ಹಳದಿ, ಬಿಳಿ ಹೆಂಚುಗಳನ್ನು ಒಂದೊಂದಾಗಿ ಎಣಿಸಿ ಬಣ್ಣ ತುಂಬಿದವರು ಆ ಗೋಡೆಯ ಮೇಲೆ ಹೆಸರು ಕೆತ್ತುವುದಿಲ್ಲ, ಕೆತ್ತುವವರನ್ನು ಸುಮ್ಮನೆ ಬಿಡುವುದೂ ಇಲ್ಲ.

"ನೀಟ್, ಸಿಇಟಿ ಇರುವಾಗ ಇದೆಲ್ಲ ಏಕೆ?" ಎಂದು ಅಬ್ಬಾ, ಅಮ್ಮಿ ಕೇಳುತ್ತಾರೆ. ತಿಂಗಳಿಗೆ ಒಂದು ಭಾನುವಾರದ ಬೆಳಿಗ್ಗೆ ಮಾತ್ರ ಸಾಕು. ಜೀವಶಾಸ್ತ್ರದ ಚಿತ್ರ ಸರಿಯಾಗಿ ಬರಬೇಕಾದರೂ ಮೊದಲು ಕಣ್ಣು ಪಳಗಬೇಕು. ಕೆಲವರ ಮನೆಯಲ್ಲಿ ಜೀವಿಗಳ ಚಿತ್ರಕ್ಕೆ ಒಪ್ಪಿಗೆ ಇರುವುದಿಲ್ಲ. ಕಮಾನು, ಗುಮ್ಮಟ, ಬಂಡೆ, ಮರಕ್ಕೆ ಆ ತೊಡಕಿಲ್ಲ. ಹುಡುಗಿಯರು ರಸ್ತೆ ಬದಿ ಕೂರುವುದು ಹೇಗೆ ಎಂಬ ಮಾತೂ ಇದೆ. ನಾನೂ ಹುಡುಗಿಯೇ. ಉಪನ್ಯಾಸಕಿಯರೊಬ್ಬರು ಜೊತೆಗಿದ್ದು ನಾವು ಹತ್ತು ಜನ ಒಟ್ಟಿಗೆ ಕುಳಿತರೆ ಆ ಚಿಂತೆ ಅರ್ಧ ಕಡಿಮೆಯಾಗುತ್ತದೆ.

ಭಾಲ್ಕಿ, ಔರಾದ್‌ನಿಂದ ಬಸ್ಸಿಗೆ ಬರುವವರು ಭಾನುವಾರವೂ ಬೀದರ್‌ಗೆ ಬರಬೇಕಿಲ್ಲ. ಭಾಲ್ಕಿಯವರಿಗೆ ಊರಿನ ಕೋಟೆ ಇದೆ, ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯದ ನೀರಿದೆ. ಔರಾದ್‌ನವರಿಗೆ ಅಮರೇಶ್ವರ ಗುಡಿ ಇದೆ, ಕಪ್ಪು ಮಣ್ಣಿನ ಹೊಲಗಳಿವೆ. ಅಲ್ಲೇ ಬಿಡಿಸಿ ಸೋಮವಾರ ತರಲಿ. ಒಬ್ಬರ ಊರನ್ನು ಇನ್ನೊಬ್ಬರು ನೋಡಿದಂತಾಗುತ್ತದೆ.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಚಿತ್ರಕಲಾ ಸ್ಪರ್ಧೆಯ ನಿಯಮಗಳಿಗೆ ಒಂದು ಸಾಲು ಸೇರಿಸಿ: ಸ್ಥಳದಲ್ಲೇ ಕುಳಿತು ಬಿಡಿಸಿದ ಚಿತ್ರಗಳಿಗೆ ಮಾತ್ರ ಬಹುಮಾನ.

– ದ್ವಿತೀಯ ಪಿಯು ವಿಜ್ಞಾನ ವಿದ್ಯಾರ್ಥಿನಿ