ದೊಡ್ಡ ಹುಣಸೆಯ ಎಲೆ ಮುದುಡಿದಾಗ

ಗಂಗಾವತಿ ತಾಲ್ಲೂಕಿನ ಮರಳಿಯಿಂದ ವಾಚಕಿಯೊಬ್ಬರು ಕಾಗದ ಬರೆದಿದ್ದಾರೆ. ಅದರ ಜೊತೆಗೆ, ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿದ ನಾಲ್ಕು ಎಲೆಗಳೂ ಬಂದಿವೆ. ಅವರ ಮಾವನವರು ಸವಣೂರಿಗೆ ಹೋಗಿದ್ದಾಗ ದೊಡ್ಡ ಹುಣಸೆಯ ಕಾಯೊಂದನ್ನು ತಂದು ಅದರ ಬೀಜಗಳನ್ನು ಕುಂಡದಲ್ಲಿ ಊರಿದರಂತೆ. ಮೊಳೆತದ್ದು ಒಂದೇ. ಗಿಡ ಮೊಳದೆತ್ತರವಾಗುವಷ್ಟರಲ್ಲಿ ಊರಿದವರೇ ತೀರಿಕೊಂಡರು. ಅಂದಿನಿಂದ ಮನೆಯವರೆಲ್ಲರೂ ಆ ಗಿಡವನ್ನು ಕಣ್ಣಿನಂತೆ ಕಾಪಾಡಿಕೊಂಡು ಬಂದಿದ್ದಾರೆ. ಅತ್ತೆಯವರು ಬೆಳಿಗ್ಗೆ ನೀರೆರೆದರೆ, ಮಕ್ಕಳು ಸಂಜೆ ಎರೆಯುತ್ತಾರೆ. ಹೀಗಿದ್ದೂ ಈ ಶ್ರಾವಣದಲ್ಲಿ ಎಲೆಗಳೆಲ್ಲ ಸುರುಳಿಗೊಂಡು ಜೋತುಬಿದ್ದಿವೆ. ಯಾವ ಔಷಧಿಯನ್ನು ಸಿಂಪಡಿಸಬೇಕೆಂಬುದು ಅವರ ಪ್ರಶ್ನೆ.

ಔಷಧಿಯ ಮಾತಿಗೆ ಮೊದಲು ರೋಗಿಯ ಕುಲಗೋತ್ರವನ್ನು ತಿಳಿಯುವುದೊಳ್ಳೆಯದು. ಹೆಸರಿನಲ್ಲಿ ಹುಣಸೆಯಿದ್ದರೂ ಇದು ನಮ್ಮ ಹುಣಸೆಯ ಬಂಧುವಲ್ಲ. ಕಾಯಿಯ ತಿರುಳಿನ ಹುಳಿಯಿಂದ ಮಾತ್ರ ಆ ಹೆಸರು ಬಂದಿದೆ. ಮರಾಠಿಯವರು ಗೋರಖ ಚಿಂಚ ಎನ್ನುವುದೂ ಇದನ್ನೇ. ತವರು ಆಫ್ರಿಕ. 1749ರಲ್ಲಿ ಸೆನೆಗಾಲಿಗೆ ಹೋದ ಫ್ರೆಂಚ್ ಪಂಡಿತ ಮಿಶೆಲ್ ಅಡಾನ್‌ಸನ್ ಇದನ್ನು ಕಂಡು ವಿವರವಾಗಿ ಬರೆದನು. ಅವನ ಹೆಸರಿನಿಂದಲೇ ಲಿನೇಯಸ್ ಇದನ್ನು ಅಡಾನ್ಸೋನಿಯ ಡಿಜಿಟೇಟ ಎಂದು ಕರೆದನು. ಡಿಜಿಟೇಟ ಎಂದರೆ ಬೆರಳುಗಳುಳ್ಳದ್ದು. ಬೆಳೆದ ಮರದ ಎಲೆ ಅಂಗೈಯಿಂದ ಚಾಚಿದ ಬೆರಳುಗಳಂತೆ ಐದಾರು ಭಾಗಗಳಾಗಿರುತ್ತದೆ. ಎಳೆಯ ಗಿಡದ ಎಲೆಯಾದರೋ ಒಂಟಿ. ಇದನ್ನು ಕಂಡು ಬೀಜ ಬೇರೆಯಾಯಿತೆಂದು ಗಾಬರಿಯಾಗಬೇಕಾಗಿಲ್ಲ.

ಇದು ಹತ್ತಿ, ಬೆಂಡೆ, ದಾಸವಾಳಗಳ ಮನೆತನಕ್ಕೆ ಸೇರಿದ ಮರ. ಆದುದರಿಂದ ಆ ಗಿಡಗಳನ್ನು ಕಾಡುವ ಕೀಟಗಳು ಇದನ್ನೂ ಅರಸಿಕೊಂಡು ಬರುವ ಸಂಭವವುಂಟು. ಎಲೆ ಮುದುಡಿದಾಗ ಮೊದಲು ಎಲೆಯ ಬೆನ್ನನ್ನು ನೋಡಬೇಕು. ಬಿಳಿಯ ಕಾಗದವೊಂದನ್ನು ಕೆಳಗೆ ಹಿಡಿದು ಎಲೆಯನ್ನು ಮೆಲ್ಲನೆ ತಟ್ಟಿರಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಬಿದ್ದು ಹರಿದಾಡಿದರೆ ಅದು ನುಸಿ. ಎಲೆಯಲ್ಲಿ ನವಿರಾದ ಬಲೆಯೂ ಕಾಣಬಹುದು. ಹತ್ತಿಯ ತುಣುಕಿನಂತೆ ಬಿಳುಪು ಅಂಟಿದ್ದರೆ ಹಿಟ್ಟು ತಿಗಣೆ. ಎಲೆಯ ಅಂಚು ಹಳದಿಗೆ ತಿರುಗಿ, ಗಿಡವನ್ನು ಅಲುಗಿಸಿದೊಡನೆ ಹಸುರು ಕೀಟಗಳು ಓರೆಯಾಗಿ ಹಾರಿದರೆ ಅದು ಜಿಗಿಹುಳು.

ಮನೆಯ ಒಂದೆರಡು ಗಿಡಗಳಿಗೆ ಇವುಗಳ ಮದ್ದು ಸುಲಭ. ಎಲೆಯ ಬೆನ್ನಿಗೆ ನೀರನ್ನು ರಭಸವಾಗಿ ಎರಚಿ ತೊಳೆಯಬೇಕು. ಅನಂತರ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನೂ ಅದು ಕದಡಿಕೊಳ್ಳಲು ಚಿಟಿಕೆ ಸಾಬೂನನ್ನೂ ಬೆರೆಸಿ, ಬಿಸಿಲಿಳಿದ ಮೇಲೆ ಸಿಂಪಡಿಸಬೇಕು. ವಾರ ಬಿಟ್ಟು ಮತ್ತೊಮ್ಮೆ ಮಾಡಿದರೆ ಸಾಕು. ಹಿಟ್ಟು ತಿಗಣೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿ ತೆಗೆಯಬಹುದು. ಹೊಲಕ್ಕೆ ಹೊಡೆಯುವ ಘಾಟು ವಿಷಗಳನ್ನು ಮಕ್ಕಳು ಓಡಾಡುವ ಅಂಗಳಕ್ಕೆ ತರುವುದು ಸರಿಯಲ್ಲ.

ಆದರೆ ಮರಳಿಯಿಂದ ಬಂದ ಎಲೆಗಳಲ್ಲಿ ನುಸಿಯೂ ಇಲ್ಲ, ಬಲೆಯೂ ಇಲ್ಲ, ಅಂಟೂ ಇಲ್ಲ. ತುದಿಗಳು ಮಾತ್ರ ಕಂದಿವೆ. ಅಲ್ಲದೆ ಕಾಗದದ ಮೂಲೆಯಲ್ಲಿ ಆ ತಾಯಿ ಇನ್ನೆರಡು ಮಾತು ಬರೆದಿದ್ದಾರೆ: ಕುಂಡದ ಮಣ್ಣು ಗದ್ದೆಯದು, ಮೇಲೆ ಬಿಳಿಯ ಪೊರೆ ಕಟ್ಟಿದೆ. ರೋಗದ ಗುಟ್ಟು ಇಲ್ಲಿಯೇ ಇರುವಂತೆ ತೋರುತ್ತದೆ.

ದೊಡ್ಡ ಹುಣಸೆ ಒಣನಾಡಿನ ಮರ. ಮಳೆಗಾಲದಲ್ಲಿ ಕುಡಿದ ನೀರನ್ನು ಕಾಂಡದ ಮೆತ್ತನೆಯ ಮರದಲ್ಲಿ ಕೂಡಿಟ್ಟುಕೊಂಡು, ಎಲೆಯುದುರಿಸಿ ಬೇಸಗೆಯನ್ನು ಕಳೆಯುವುದು ಅದರ ಜಾಣ್ಮೆ. ಗದ್ದೆಯ ಎರೆಮಣ್ಣು ಹಿಡಿದ ನೀರನ್ನು ಬಿಡದು. ಬೇರಿಗೆ ಗಾಳಿಯಿಲ್ಲದೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರು ನೀರಿನ ನಡುವೆ ಇದ್ದೂ ನೀರನ್ನು ಹೀರಲಾರದು. ಎಲೆ ಬಾಯಾರಿದಂತೆ ಮುದುಡುತ್ತದೆ. ಅದನ್ನು ಕಂಡು ನಾವು ಇನ್ನೊಂದು ಚೊಂಬು ಎರೆಯುತ್ತೇವೆ! ಬಿಳಿಯ ಪೊರೆಯಾದರೋ ಉಪ್ಪು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಅದರೊಡನೆ ಜೌಗು ಮತ್ತು ಚೌಳು ಸಹ ಬಂದವು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಚೌಳು ಮಣ್ಣಿನ ವಿಷಯವಾಗಿಯೇ ಪ್ರಯೋಗಗಳು ನಡೆಯುತ್ತಿವೆ. ಹೊಲದಲ್ಲಿ ನಡೆದದ್ದೇ ಕುಂಡದಲ್ಲಿಯೂ ನಡೆಯುತ್ತದೆ.

ಈಗ ಚಿಕಿತ್ಸೆ. ಮೊದಲನೆಯದಾಗಿ ನೀರನ್ನು ನಿಲ್ಲಿಸಬೇಕು. ಕಾಂಡದ ಬುಡವನ್ನು ಎರಡು ಬೆರಳುಗಳಿಂದ ಒತ್ತಿ ನೋಡಬೇಕು. ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಮೆತ್ತಗಾಗಿದ್ದರೆ ಕೊಳೆ ಬೇರಿನಿಂದ ಮೇಲೇರುತ್ತಿದೆ. ಎರಡು ಸಂದರ್ಭಗಳಲ್ಲಿಯೂ ಗಿಡವನ್ನು ಮೆಲ್ಲನೆ ಎತ್ತಿ, ಬೇರಿನ ಕೆಸರನ್ನು ತೊಳೆದು, ಕಪ್ಪಾಗಿ ನಾರುವ ಭಾಗವನ್ನು ಶುದ್ಧವಾದ ಚಾಕುವಿನಿಂದ ಕೊಯ್ದು ತೆಗೆಯಬೇಕು. ಕೊಯ್ದ ಗಾಯ ಆರುವವರೆಗೆ ಎರಡು ಮೂರು ದಿನ ನೆರಳಿನಲ್ಲಿಟ್ಟರೂ ಅಂಜಬೇಕಾಗಿಲ್ಲ. ಅದರ ಬುತ್ತಿ ಅದರ ಬೇರು ಕಾಂಡಗಳಲ್ಲಿಯೇ ಇದೆ. ಆಮೇಲೆ, ತಳದಲ್ಲಿ ಅಗಲವಾದ ತೂತುಳ್ಳ ಕುಂಡದಲ್ಲಿ ಅರ್ಧ ಪಾಲು ದಪ್ಪ ಮರಳು, ಉಳಿದರ್ಧ ಕೆಮ್ಮಣ್ಣು, ಒಂದು ಹಿಡಿ ಹಳೆಯ ಗೊಬ್ಬರ ಹಾಕಿ ನೆಡಬೇಕು. ಒಂದು ವಾರ ನೀರು ಬೇಡ. ಬಳಿಕ ಬೆರಳನ್ನು ಎರಡು ಅಂಗುಲ ಇಳಿಸಿ ಒದ್ದೆಯಿಲ್ಲದಿದ್ದರೆ ಮಾತ್ರ ತುಂಬ ಎರೆದು, ತಳದಿಂದ ಹರಿದುಹೋಗಲು ಬಿಡಬೇಕು. ಮಾರ್ಗಶಿರದ ಅನಂತರ ಎಲೆಯುದುರಿದರೆ ಅದು ಸಾವಲ್ಲ, ನಿದ್ರೆ. ಆಗ ನೀರಂತೂ ಬೇಡವೇ ಬೇಡ.

ಗಿಡವನ್ನು ಮುಂದೆ ನೆಲದಲ್ಲಿ ನೆಡುವುದಾದರೆ ಕಾಲುವೆಯ ಜೌಗಿನಿಂದ ದೂರವಾದ ದಿನ್ನೆಯನ್ನು, ಮನೆಯ ಗೋಡೆಯಿಂದ ಬಹುದೂರದ ಸ್ಥಳವನ್ನು ಆರಿಸಬೇಕು. ಎಷ್ಟು ದೂರವೆಂದು ತಿಳಿಯಲು ಒಮ್ಮೆ ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಹೋಗಿ ಬರಬೇಕು. ಹಲವರು ಕೈ ಕೂಡಿಸಿದಲ್ಲದೆ ತಬ್ಬಲಾಗದ ಮೂರು ಮರಗಳು ಅಲ್ಲಿ ತಲೆಮಾರುಗಳಿಂದ ನಿಂತಿದ್ದವು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಜನರು ಅದನ್ನು ಸೌದೆಗೆ ಬಿಡದೆ ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಆಫ್ರಿಕದಲ್ಲಿಯೂ ಅತಿ ಹಳೆಯ 13 ಮರಗಳ ಪೈಕಿ 9 ಮರಗಳು, ಇಡಿಯಾಗಿಯೋ ಭಾಗಶಃವೋ, 2005ರಿಂದೀಚೆಗೆ ಅಳಿದುವೆಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹಿರಿಯ ಮರಗಳು ಹೀಗೆ ಒಂದೊಂದಾಗಿ ಹೋಗುವ ಕಾಲದಲ್ಲಿ ಒಂದು ಎಳೆಯ ಗಿಡದ ಬೆಲೆ ಕಡಮೆಯದಲ್ಲ.

ಅತ್ತೆಯವರಿಗೆ ಒಂದು ಮಾತು ತಿಳಿಸಬೇಕು. ನೀರೆರೆದದ್ದು ತಪ್ಪೆಂದು ಅವರು ನೊಂದುಕೊಳ್ಳಬಾರದು. ಅದು ಪ್ರೀತಿಯಿಂದ ಆದದ್ದು. ಇನ್ನು ಮೇಲೆ ದಿನವೂ ಬೆಳಿಗ್ಗೆ ಕುಂಡದ ಬಳಿ ಹೋಗಲಿ, ಬೆರಳಿಟ್ಟು ಮಣ್ಣನ್ನು ನೋಡಲಿ, ಒದ್ದೆಯಿದ್ದರೆ ಚೊಂಬನ್ನು ಹಾಗೆಯೇ ಹಿಂದಕ್ಕೆ ತರಲಿ. ಹೊಸ ಚಿಗುರು ಕಂಡ ದಿನ ನಮಗೊಂದು ಕಾಗದ ಹಾಕಿದರೆ ಸಂತೋಷ.